ಕಾಜದಕ್ಕ ಕೇಳಿದ ಕಿಟಕಿ ಪುಸ್ತಕ

“ಪೂರ್ತಿ ಕೇಳ್ದೆ, ತಾಯಿ. ಮೂವತ್ನಾಲ್ಕು ದಿನ, ಒಂದಿನಾನೂ ತಪ್ಪಿಸ್ಲಿಲ್ಲ. ಪರವಾಗಿಲ್ಲ. ಕೆಟ್ಟದ್ದು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಅಣ್ಣ ತಂಗಿ ಇಬ್ರೂ ಒಳ್ಳೆ ಜನ. ಕಿಟಕಿಗೆ ಬಣ್ಣ ಹೊಡೀಬೇಕು ಅಂತ ಮಾತಾಡ್ಕೋತಾರೆ. ಹಸಿರೋ ನೀಲಿನೋ ಅಂತ ಅರವತ್ತು ಪುಟ ಯೋಚ್ನೆ ಮಾಡ್ತಾರೆ. ಅದೂ ಸರೀನೇ, ಎಲ್ಲರ ಮನೇಲೂ ಹಾಗೇ. ಆಮೇಲೆ ಮಳೆ ಬರತ್ತೆ, ಬಣ್ಣ ಮುಂದಕ್ಕೆ ಹೋಗತ್ತೆ. ಬಿಸಿಲು ಬರತ್ತೆ, ಆಗ್ಲೂ ಹೊಡೆಯಲ್ಲ. ನಾನು ದಿನಾ ಮನೆಗೆ ಹೋಗ್ತಾ ಅಂದ್ಕೋತಿದ್ದೆ, ನಾಳೆ ಹೊಡೀತಾರೆ ಬಿಡು ಅಂತ. ಕೊನೇಗೆ ಪುಸ್ತಕಾನೇ ಮುಗ್ದೋಯ್ತು. ಕೋಪ ಬರ್ಲಿಲ್ಲ, ಸುಳ್ಳ್ಯಾಕೆ ಹೇಳ್ಲಿ. ಅಳೂನೂ ಬರ್ಲಿಲ್ಲ. ಪಕ್ಕದ ಮನೆಗೆ ಯಾರೋ ಬಂದು, ಒಂದು ತಿಂಗಳಿದ್ದು, ಬೇರೆ ಬೀದಿಗೆ ಹೋದ ಹಾಗಾಯ್ತು. ಜಗಳ ಇಲ್ಲ, ಸದ್ದಿಲ್ಲ. ಹೋದ್ಮೇಲೆ ಎರಡು ದಿನ ಆ ಕಡೆ ಕಣ್ಣು ಹೋಗತ್ತೆ, ಅಷ್ಟೇ. ಆದ್ರೆ ಒಂದು ಮಾತು ಹೇಳ್ಬೇಕು. ನಮ್ಮ ಕೆಲಸಕ್ಕೆ ಇಷ್ಟು ಒಳ್ಳೇ ಪುಸ್ತಕ ಇನ್ನೊಂದು ಸಿಕ್ಕಿಲ್ಲ. ಮೂವತ್ನಾಲ್ಕು ದಿನದಲ್ಲಿ ಒಂದು ಕಾಜ ಕೆಡ್ಲಿಲ್ಲ. ಯಾರ ಕೈಯೂ ನಡುಗ್ಲಿಲ್ಲ.”

ಕಾಜದಕ್ಕ ಈ ಮಾತನ್ನು ಹೇಳಿದ್ದು ಯಾರ ಬೆನ್ನ ಹಿಂದೆಯೂ ಅಲ್ಲ. ಆ ಪುಸ್ತಕ ಬರೆದಾಕೆಯೇ ಎದುರಿಗೆ ಕುರ್ಚಿಯಲ್ಲಿ ಕೂತಿದ್ದಳು. ಒಂದು ಪಕ್ಕದಲ್ಲಿ ಕಾರ್ಖಾನೆಯ ಧಣಿ, ಇನ್ನೊಂದು ಪಕ್ಕದಲ್ಲಿ ಮೇಲ್ವಿಚಾರಕ. ಮೇಜಿನ ಸುತ್ತ ಹತ್ತು ಮಂದಿ ಹೆಂಗಸರು ತಮ್ಮ ತಮ್ಮ ಕೈಯನ್ನೇ ನೋಡುತ್ತಿದ್ದರು. ಅವರಲ್ಲೊಬ್ಬಳ ಅನ್ನ ಆ ಮಾತಿನ ಮೇಲೆ ನಿಂತಿತ್ತು. ಅದು ಹೇಗೆ ಎಂದು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಅದು ಗಂಡಸರ ಕೋಟು ಹೊಲಿಯುವ ಕಾರ್ಖಾನೆ. ಕೆಳಗಿನ ಎರಡು ಮಹಡಿಗಳಲ್ಲಿ ಯಂತ್ರಗಳು ಹಗಲೆಲ್ಲ ಕಿರುಚಿಕೊಳ್ಳುತ್ತವೆ. ಮೂರನೇ ಮಹಡಿಯಲ್ಲಿ ಮಾತ್ರ ಯಂತ್ರವಿಲ್ಲ, ಅಲ್ಲಿ ಕೈಕೆಲಸ. ಉದ್ದನೆಯ ಒಂದು ಮೇಜು, ಉತ್ತರಕ್ಕೆ ಐದು ಕಿಟಕಿ, ಗೋಡೆಗೆ ಸಾಲಾಗಿ ನೇತುಹಾಕಿದ ಕೋಟುಗಳು. ಗುಂಡಿ ತೂರಿಸುವ ಸೀಳಿಗೆ ಕಾಜ ಎನ್ನುತ್ತಾರೆ. ಬೆಲೆಬಾಳುವ ಕೋಟಿನ ಕಾಜವನ್ನು ಕೈಯಲ್ಲೇ ಹೊಲಿಯಬೇಕು. ಮೊದಲು ಚಿಕ್ಕ ಉಳಿಯಿಟ್ಟು ಸುತ್ತಿಗೆಯಿಂದ ಒಂದೇ ಏಟಿಗೆ ಬಟ್ಟೆಯನ್ನು ಸೀಳಬೇಕು, ಆಮೇಲೆ ಮೇಣ ಸವರಿದ ರೇಷ್ಮೆ ದಾರದಿಂದ ಅಂಚನ್ನು ಸುತ್ತ ಕಟ್ಟಿಕೊಂಡು ಬರಬೇಕು. ಪ್ರತಿ ಹೊಲಿಗೆಯನ್ನೂ ಒಂದೇ ಬಿಗಿಯಲ್ಲಿ ಎಳೆಯಬೇಕು. ಹೆಚ್ಚು ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಕಡಿಮೆ ಎಳೆದರೆ ಬಾಯಿ ಬಿಡುತ್ತದೆ. ಸೀಳಿದ ಬಟ್ಟೆಯನ್ನು ಮತ್ತೆ ಕೂಡಿಸಲು ಯಾರಿಂದಲೂ ಆಗುವುದಿಲ್ಲ.

ಕಾಜದಕ್ಕ ಹತ್ತೊಂಬತ್ತನೇ ವಯಸ್ಸಿಗೆ ಆ ಮೇಜಿಗೆ ಬಂದವಳು. ಈಗ ಐವತ್ತೆಂಟು. ಎಡತುದಿಯ ಕಿಟಕಿಯ ಪಕ್ಕದ ಸ್ಟೂಲು ಅವಳದು. ಆ ಸ್ಟೂಲಿನ ಮೇಲಿಂದ ಗಂಡನನ್ನು ಕಳೆದುಕೊಂಡಿದ್ದಾಳೆ, ಮಗಳನ್ನು ಮದುವೆ ಮಾಡಿಕೊಟ್ಟಿದ್ದಾಳೆ, ಮೂವರು ಮೇಲ್ವಿಚಾರಕರನ್ನು ಮನೆಗೆ ಕಳಿಸಿದ್ದಾಳೆ. ಅವಳ ನಿಜವಾದ ಹೆಸರು ಸಂಬಳದ ಹಾಳೆಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಆ ಹಾಳೆಯಲ್ಲಿ ಅವಳು ಹಾಕುವ ರುಜುವೂ ಕಾಜದ ಹಾಗೆಯೇ ಇರುತ್ತದೆ. ಸುತ್ತಿ ಸುತ್ತಿ ಬಂದು ಕೊನೆಯಲ್ಲಿ ಗಂಟು. ಅಕ್ಷರ ಅಂತ ಅವಳಿಗೆ ಬರುವುದು ಅದೊಂದೇ.

ಓದಲು ಬಾರದ ಈ ಹೆಂಗಸು ಮುನ್ನೂರಕ್ಕೂ ಹೆಚ್ಚು ಪುಸ್ತಕ ಕೇಳಿದ್ದಾಳೆ. ಆ ಮೇಜಿಗೆ ಒಂದು ಪದ್ಧತಿ ಇತ್ತು. ಬೆಳಗ್ಗೆ ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ, ಒಬ್ಬಳು ಗಟ್ಟಿಯಾಗಿ ಪುಸ್ತಕ ಓದಬೇಕು. ಅವಳ ಪಾಲಿನ ಕಾಜಗಳನ್ನು ಉಳಿದವರು ಹಂಚಿಕೊಂಡು ಹೊಲಿಯಬೇಕು. ಇದನ್ನು ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ. ಧಣಿಗೆ ಲೆಕ್ಕಕ್ಕೆ ಸರಿಯಾಗಿ ಕಾಜ ಸಿಗುತ್ತಿತ್ತು, ಹೆಂಗಸರು ಹರಟೆ ಹೊಡೆಯದೆ ಕೂರುತ್ತಿದ್ದರು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಪುಸ್ತಕ ಮುಗಿದ ದಿನ ಎಲ್ಲರೂ ಎಡತುದಿಯ ಕಡೆ ತಿರುಗುತ್ತಿದ್ದರು. ಕಾಜದಕ್ಕ ಹಲ್ಲಿನಿಂದ ದಾರ ಕಡಿದು ಒಂದು ಮಾತು ಹೇಳಿದರೆ ಅಲ್ಲಿಗೆ ಆ ಪುಸ್ತಕದ ಹಣೆಬರಹ ಮುಗಿಯಿತು. ಮಹಾ ದೊಡ್ಡ ಪುಸ್ತಕಗಳನ್ನೂ ಅವಳು “ಅರ್ಧ ಸಾಕಾಗಿತ್ತು” ಎಂದು ಕಳಿಸಿಕೊಟ್ಟದ್ದುಂಟು.

ಆರು ವರ್ಷಗಳಿಂದ ಓದುತ್ತಿದ್ದವಳು ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಹತ್ತು ವರ್ಷ ಚಿಕ್ಕವಳು, ಹತ್ತನೇ ಕ್ಲಾಸು ಪಾಸು. ಇವಳೂ ಮೊದಲು ಹೊಲಿಯುತ್ತಿದ್ದವಳೇ. ಒಂದು ದಿನ ಇಸ್ತ್ರಿಯ ಯಂತ್ರಕ್ಕೆ ಬಲಗೈಯ ಎರಡು ಬೆರಳು ಸಿಕ್ಕಿ, ವಾಸಿಯಾದ ಮೇಲೆ ಅವು ಮಡಚುವುದನ್ನೇ ಮರೆತುಬಿಟ್ಟವು. ಆಗಿನ ಓದುವಾಕೆಗೆ ಕಣ್ಣು ಮಂಜಾಗಿತ್ತು; ಮೇಜಿನವರೆಲ್ಲ ಸೇರಿ ಇವಳನ್ನು ಓದುವ ಕುರ್ಚಿಯಲ್ಲಿ ಕೂರಿಸಿದರು. ಓದಿಲ್ಲದ ಹೊತ್ತಿನಲ್ಲಿ ದಾರಕ್ಕೆ ಮೇಣ ಸವರುತ್ತಾಳೆ, ಕೋಟುಗಳಿಗೆ ಚೀಟಿ ಕಟ್ಟುತ್ತಾಳೆ. ಸೂಜಿ ಹಿಡಿಯುವ ಕೈ ಅದಲ್ಲ.

ಇಬ್ಬರದೂ ಒಂದೇ ಮನೆ, ಎರಡು ಒಲೆ, ಒಂದು ನಲ್ಲಿ. ಜಗಳವೇನಿಲ್ಲ. ಜಗಳವಾಡಬೇಕಾದರೂ ಮಾತು ಬೇಕಲ್ಲ. ಇಬ್ಬರೂ ಮನೆಯಲ್ಲಿ ವಾರಕ್ಕೆ ಆಡುವ ಮಾತು ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತಿತ್ತು. ಕಾರ್ಖಾನೆಯಲ್ಲಿ ಮಾತ್ರ ಒಬ್ಬಳು ದಿನಕ್ಕೆ ಎರಡು ಗಂಟೆ ಮಾತಾಡುತ್ತಾಳೆ, ಇನ್ನೊಬ್ಬಳು ತುಟಿ ಪಿಟಕ್ಕೆನ್ನದೆ ಕೇಳುತ್ತಾಳೆ. ಎಷ್ಟೋ ಒಡಹುಟ್ಟಿದವರ ನಡುವೆಯೂ ಅಷ್ಟು ನಡೆಯುವುದಿಲ್ಲ.

ತೊಂದರೆ ಶುರುವಾದದ್ದು ಒಂದು ಕೊಲೆ ಪುಸ್ತಕದಿಂದ. ಅದರಲ್ಲಿ ಏಳು ಕೊಲೆ. ಮೇಜಿನ ಹೆಂಗಸರು ಬುತ್ತಿ ಬಿಚ್ಚುವುದನ್ನೂ ಮರೆತು ಕೇಳಿದರು. ಪುಸ್ತಕ ಮುಗಿದು ಮೂರು ವಾರಕ್ಕೆ ಅರವತ್ತನಾಲ್ಕು ಕೋಟು ವಾಪಸು ಬಂದವು. ಕಾಜಗಳೆಲ್ಲ ಸಿಟ್ಟಿನ ಮುದುಕಿಯ ತುಟಿಯ ಹಾಗೆ ಮುದುಡಿಕೊಂಡಿದ್ದವು.

ಮೇಲ್ವಿಚಾರಕನಿಗೆ ಹೆಂಗಸರು ಇಟ್ಟ ಅಡ್ಡಹೆಸರು ಟೇಪಣ್ಣ. ಅಳತೆಯ ಟೇಪು ಅವನ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಮನೆಯಲ್ಲಿ ಹಾಸಿಗೆಯನ್ನೂ ಅಳೆದೇ ಮಲಗುತ್ತಾನೆ ಎಂದು ಮೇಜಿನ ಕಡೆ ಮಾತು. ಅವನು ಕೆಟ್ಟ ಕೋಟುಗಳ ಚೀಟಿಯ ತಾರೀಕನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದು ಓರಗಿತ್ತಿಯ ಮುಂದೆ ಕೂತ.

“ಹದಿನಾಲ್ಕನೇ ತಾರೀಕು ಏನು ಓದಿದ್ರಿ?”

“ಅತ್ತೆಗೆ ವಿಷ ಹಾಕಿದ್ದು, ಸಾರ್.”

“ಒಂಬತ್ತು ಕೋಟು. ಹದಿನೇಳು?”

“ಪೆಟ್ಟಿಗೇಲಿ ಹೆಣ ಸಿಕ್ಕಿದ್ದು.”

“ಹದಿಮೂರು ಕೋಟು. ಹತ್ತೊಂಬತ್ತು? ಅವತ್ತು ಎರಡೇ ಕೆಟ್ಟಿವೆ.”

“ಅವತ್ತು ಪೊಲೀಸರು ಟೀ ಕುಡ್ದಿದ್ದು, ಸಾರ್.”

ಟೇಪಣ್ಣ ಹಾಳೆ ಮಡಚಿದ. ಬರುವ ತಿಂಗಳ ಒಂದನೇ ತಾರೀಕಿನಿಂದ ಓದು ಬಂದ್; ಓದುವಾಕೆ ಎಲ್ಲರ ಹಾಗೆ ಸೂಜಿ ಹಿಡಿಯಬೇಕು, ಹಿಡಿಯಲಾಗದಿದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು. ಅವನು ಕೆಟ್ಟವನಲ್ಲ. ಹಾಳೆ ಹಾಗೆ ಹೇಳುತ್ತಿತ್ತು, ಅವನು ಹಾಳೆ ಹೇಳಿದಂತೆ ಕೇಳುವವನು.

ಆ ಸಂಜೆ ಕಾಜದಕ್ಕ ದಾರಿಯುದ್ದಕ್ಕೂ ಯೋಚಿಸಿದಳು. ಓರಗಿತ್ತಿಯ ಗಂಡನದು ದಮ್ಮಿನ ಕಾಯಿಲೆ. ಆ ಒಲೆ ಉರಿಯುವುದೇ ಅವಳ ದುಡಿಮೆಯಿಂದ. ಅದೊಂದು ಚಿಂತೆ. ಕೆಲಸ ಹೋದರೆ ಅವಳು ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ, ಹೊತ್ತು ಹೋಗದೆ ಕಾಜದಕ್ಕನ ಡಬ್ಬಿಗಳನ್ನೆಲ್ಲ ತೆಗೆದು ಒರೆಸಿ ಬೇರೆ ಕಡೆ ಇಡುತ್ತಾಳೆ. ಅದು ಇನ್ನೊಂದು ಚಿಂತೆ. ಎಲ್ಲಕ್ಕಿಂತ ಕೆಳಗೆ, ಬಾಯಿಬಿಟ್ಟು ಹೇಳಲಾಗದ ಚಿಂತೆ ಬೇರೆಯೇ ಇತ್ತು: ಆ ಕುರ್ಚಿ ಖಾಲಿಯಾದರೆ ತನಗೆ ಇನ್ನು ಸಾಯುವ ತನಕ ಒಂದು ಕಥೆಯೂ ಇಲ್ಲ. ಮೂವತ್ತೊಂಬತ್ತು ವರ್ಷ ಕಿವಿಯಿಂದ ಉಂಡವಳಿಗೆ ಅದು ಸಣ್ಣ ಮಾತಲ್ಲ.

ಮರುದಿನ ಟೇಪಣ್ಣನ ಮುಂದೆ ಹೋಗಿ ನಿಂತು, ಕೈ ಕೆಡಿಸಿದ್ದು ಓದಲ್ಲ, ಕೊಲೆ ಎಂದಳು. ಏನೂ ನಡೆಯದ ಪುಸ್ತಕವೊಂದನ್ನು ತರುತ್ತೇವೆ, ಅದು ಮುಗಿಯುವ ತನಕ ನೋಡಿ, ಒಂದು ಕಾಜ ಕೆಟ್ಟರೂ ಆ ಕುರ್ಚಿಯನ್ನು ನಾನೇ ಹೊತ್ತು ಕೆಳಗಿಡುತ್ತೇನೆ ಎಂದಳು. ಏನೂ ನಡೆಯದ ಪುಸ್ತಕವನ್ನು ಯಾರು ಬರೆಯುತ್ತಾರೆ ಎಂದು ಟೇಪಣ್ಣ ನಕ್ಕ. ಆದರೆ ಪರೀಕ್ಷೆ ಎಂದರೆ ಅವನಿಗೆ ಇಷ್ಟ. ಒಪ್ಪಿದ.

ಓರಗಿತ್ತಿಯರಿಬ್ಬರೂ ಒಟ್ಟಿಗೆ ಲೈಬ್ರರಿಗೆ ಹೋದರು. ಅಲ್ಲಿನ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿಕೊಂಡು, ಎಂಥ ಪುಸ್ತಕ ಬೇಕು ಎಂದು ಕೇಳಿದ.

“ಯಾರೂ ಸಾಯ್ಬಾರ್ದು,” ಎಂದಳು ಕಾಜದಕ್ಕ. “ಯಾರೂ ಓಡ್ಹೋಗ್ಬಾರ್ದು. ಮದ್ವೆ ಆಗೋದಿದ್ರೆ ಪುಸ್ತಕ ಶುರುವಾಗೋ ಮೊದ್ಲೇ ಆಗಿರ್ಬೇಕು. ನಗುವೂ ಬೇಡ, ನಕ್ರೆ ಸೂಜಿ ಚುಚ್ಚತ್ತೆ.”

“ಹಾಗಾದ್ರೆ ಪ್ರಶಸ್ತಿ ಬಂದಿರೋದೇ ಆಗ್ಬೇಕು. ಇರಿ,” ಎಂದು ಅವನು ಏಣಿ ತಂದ.

ಮೇಲಿನ ಹಲಗೆಯಿಂದ ಇಳಿದುಬಂದದ್ದು ಆರುನೂರು ಪುಟದ ಕಾದಂಬರಿ. ಹಿಂದಿನ ಚೀಟಿಯಲ್ಲಿ ಎರಡೇ ತಾರೀಕಿನ ಮುದ್ರೆ ಇದ್ದವು. ಒಂದು ತನ್ನದು, ಇನ್ನೊಂದನ್ನು ತೆಗೆದುಕೊಂಡು ಹೋದವರು ಮರುದಿನವೇ ತಂದುಕೊಟ್ಟರು ಎಂದ. ಒಬ್ಬ ಅಣ್ಣ, ಅವನ ತಂಗಿ, ಇಬ್ಬರಿಗೂ ವಯಸ್ಸಾಗಿದೆ, ಒಂದು ಕಿಟಕಿಗೆ ಬಣ್ಣ ಹೊಡೆಯಬೇಕೆಂದುಕೊಳ್ಳುತ್ತಾರೆ, ಇಷ್ಟೇ ಎಂದ. ಕಾಜದಕ್ಕ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, ಇದೇ ಸರಿ ಎಂದಳು.

ಹೀಗೆ ಕಿಟಕಿ ಪುಸ್ತಕ ಮೇಜಿಗೆ ಬಂತು. ಮೊದಲ ದಿನ ತಂಗಿ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ಎರಡನೇ ದಿನ ಕೂತಳು. ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಗುಂಡಿ ಕಟ್ಟುವ ಹುಡುಗಿ, ನಾಲ್ಕನೇ ದಿನ ಕೈಯೆತ್ತಿ, “ಅಕ್ಕಾ, ಇದು ಶುರುವಾದಾಗ ನನಗೊಂದು ಮಾತು ಹೇಳ್ತೀರಾ?” ಎಂದು ಕೇಳಿದಳು. ಒಬ್ಬಳು ಹೊಲಿಯುತ್ತಲೇ ತನ್ನ ಮನೆಯ ಒಂದು ವರ್ಷದ ಖರ್ಚನ್ನೆಲ್ಲ ಮನಸ್ಸಿನಲ್ಲಿ ಯೋಚಿಸಿ ಮುಗಿಸಿದಳು. ಇನ್ನೊಬ್ಬಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತಳು. ಕಾಜಗಳೋ, ಅಚ್ಚಿನಲ್ಲಿ ತೆಗೆದಂತೆ ಬಂದವು. ಎಳೆತ ಅಷ್ಟೇ, ಅಂತರ ಅಷ್ಟೇ, ಎಲ್ಲ ಒಂದೇ ಅಳತೆ. ಟೇಪಣ್ಣ ಭೂತಗನ್ನಡಿ ಹಿಡಿದು ಹುಡುಕಿದರೂ ತಪ್ಪು ಸಿಗಲಿಲ್ಲ. ಮೂರನೇ ವಾರಕ್ಕೆ ಅವನೇ ಓದಿನ ಹೊತ್ತಿಗೆ ಬಾಗಿಲ ಬಳಿ ಬಂದು ನಿಂತು, “ಹೊಡೆದ್ರಾ ಬಣ್ಣ?” ಎಂದು ಕೇಳಿ, ಇಲ್ಲ ಎಂದರೆ ನೆಮ್ಮದಿಯಿಂದ ಕೆಳಗಿಳಿಯುತ್ತಿದ್ದ.

ಸಂಗತಿ ಧಣಿಗೆ ಮುಟ್ಟಿತು. ಧಣಿಯ ಹೆಂಡತಿಯೂ ಪುಸ್ತಕ ಬರೆದಾಕೆಯೂ ಒಂದೇ ಶಾಲೆಯಲ್ಲಿ ಓದಿದವರು. ಹನ್ನೊಂದು ಮಂದಿ ದುಡಿಯುವ ಹೆಂಗಸರು ತನ್ನ ಪುಸ್ತಕವನ್ನು ಒಂದು ಸಾಲೂ ಬಿಡದೆ ಕೇಳಿದ್ದಾರೆಂದು ತಿಳಿದು ಆಕೆಗೆ ಕಣ್ಣಲ್ಲಿ ನೀರೇ ಬಂತಂತೆ. ನೋಡಬೇಕು, ಮಾತಾಡಿಸಬೇಕು ಎಂದಳು. ಟೇಪಣ್ಣ ಹಿಂದಿನ ದಿನವೇ ಮೇಜಿಗೆ ಬಂದು ತಾಕೀತು ಮಾಡಿದ. ಹಿರಿಯಳಾದ ಕಾಜದಕ್ಕ ಮಾತಾಡಬೇಕು, ಒಳ್ಳೆಯದಾಗಿ ಮಾತಾಡಬೇಕು. ಆಕೆಗೆ ಸಂತೋಷವಾದರೆ ಓದುವ ಕುರ್ಚಿ ಖಾಯಂ ಎಂದು ಧಣಿ ಹೇಳಿದ್ದಾರೆ. ಒಂದೇ ಷರತ್ತು: ಇನ್ನು ಮುಂದೆ ಆಕೆಯ ಪುಸ್ತಕಗಳನ್ನೇ ಓದಬೇಕು. ಇನ್ನೂ ಐದು ಇವೆ.

“ಐದೂ ಕಿಟಕಿನಾ?” ಎಂದು ಗುಂಡಿಯ ಹುಡುಗಿ ಕೇಳಿದಳು.

“ಒಂದು ಮೆಟ್ಟಿಲಂತೆ,” ಎಂದ ಟೇಪಣ್ಣ.

ಯಾರೂ ನಗಲಿಲ್ಲ. ಹೊಗಳಿದರೆ ಐದು ಪುಸ್ತಕ ಮೈಮೇಲೆ ಬೀಳುತ್ತವೆ, ತೆಗಳಿದರೆ ಓರಗಿತ್ತಿ ಬೀದಿಗೆ ಬೀಳುತ್ತಾಳೆ. ಕಾಜದಕ್ಕ ಎರಡಕ್ಕೂ ನಡುವೆ, ಹೆಚ್ಚೂ ಎಳೆಯದೆ ಕಡಿಮೆಯೂ ಎಳೆಯದೆ ಮಾತು ಹೊಲಿಯಬೇಕಾಗಿತ್ತು. ಮೊದಲು ಕೇಳಿದಿರಲ್ಲ, ಅದೇ ಆ ಮಾತು. ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ.

ಬರೆದಾಕೆ ತೆಳ್ಳಗಿನ ಹೆಂಗಸು, ಬಿಳಿಯ ಕೂದಲು, ಕೂತಲ್ಲೇ ಕುಗ್ಗುವ ಸ್ವಭಾವ. ‘ಪರವಾಗಿಲ್ಲ’ ಎಂದಾಗ ತಲೆಯಾಡಿಸಿದಳು. ಪಕ್ಕದ ಮನೆಯವರ ಮಾತು ಬಂದಾಗ ನಕ್ಕಳು. ಯಾರ ಕೈಯೂ ನಡುಗಲಿಲ್ಲ ಎಂದಾಗ ಮಾತ್ರ ಅವಳ ಮುಖ ಒಂದು ಥರ ಆಯಿತು.

“ಗುಂಡಿ ಹೊಲಿಯೋ ಕಡೆ?” ಎಂದು ಮೆಲ್ಲಗೆ ಕೇಳಿದಳು. “ಅಣ್ಣ ಬೆಳಗಿನ ಜಾವ ಎದ್ದು ಗುಂಡಿ ಹೊಲೀತಾನಲ್ಲ. ಅಲ್ಲೂ ಏನೂ ಅನ್ನಿಸ್ಲಿಲ್ವಾ?”

“ಯಾವ ಗುಂಡಿ?” ಎಂದಳು ಕಾಜದಕ್ಕ.

ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆರುನೂರು ಪುಟದಲ್ಲಿ ಯಾರೂ ಒಂದು ಗುಂಡಿಯನ್ನೂ ಕಂಡಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಓದುವ ಕುರ್ಚಿಯ ಕಡೆ ತಿರುಗಿದರು. ಓರಗಿತ್ತಿಯ ಕಿವಿ ಕೆಂಪಗಾಗಿತ್ತು.

“ನಾಲ್ಕು ಪುಟ ಬಿಟ್ಟೆ,” ಎಂದಳು ಅವಳು, ಯಾರ ಕಡೆಗೂ ನೋಡದೆ. “ದಿನಾ ಮನೇಲಿ ಮುಂದಿನದನ್ನ ಓದ್ಕೊಂಡು ಬರ್ತಿದ್ದೆ. ಆ ನಾಲ್ಕು ಪುಟ ಇಲ್ಲಿ ಓದಿದ್ರೆ ಒಂದು ಕೋಟೂ ಉಳೀತಿರ್ಲಿಲ್ಲ.”

ಕಾಜದಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇವಳು ತನಗೆ ತಿಳಿಸದೆ, ಮುಖದ ಗೆರೆಯೂ ಕದಲದೆ ನಾಲ್ಕು ಪುಟ ನುಂಗಿದ್ದಳು. ಹಾಗಾದರೆ ಆರು ವರ್ಷದಲ್ಲಿ ಇನ್ನೆಷ್ಟು ನುಂಗಿದ್ದಾಳೋ. ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ, ಈ ಹೆಂಗಸು ತನ್ನ ಕುರ್ಚಿ ಉಳಿಸಿಕೊಳ್ಳಲು ತನಗಿಂತ ಚೆನ್ನಾಗಿ ಯೋಚಿಸಿದ್ದಾಳಲ್ಲ ಎಂಬ ಮೆಚ್ಚುಗೆಯೂ ಬಂತು. ಎರಡನ್ನೂ ಒಟ್ಟಿಗೆ ಮುಖದಲ್ಲಿ ಇಟ್ಟುಕೊಳ್ಳಲಾಗದೆ ಕೈಗೆ ಸಿಕ್ಕ ಕೋಟನ್ನು ಎಳೆದುಕೊಂಡಳು.

ಬರೆದಾಕೆ ಆ ನಾಲ್ಕು ಪುಟವನ್ನು ಈಗ ಓದಬಹುದೇ ಎಂದು ಕೇಳಿದಳು. ಧಣಿ ದೊಡ್ಡ ಮನಸ್ಸಿನಿಂದ ಕೈಬೀಸಿ, ಓದಲಿ, ಕೆಲಸವೂ ನಡೆಯಲಿ, ನಮ್ಮವರ ಕೈ ಎಂಥದೆಂದು ಇವರೂ ನೋಡಲಿ ಎಂದ. ಟೇಪಣ್ಣ ಸೀಮೆಸುಣ್ಣ ತೆಗೆದುಕೊಂಡು ಮೂಲೆಯ ಮೇಜಿನಲ್ಲಿ ಹೊಸ ಕೋಟುಗಳಿಗೆ ಕಾಜದ ಗುರುತು ಹಾಕುತ್ತಾ ನಿಂತ. ಅವನ ಕಣ್ಣು ಹೆಂಗಸರ ಕೈಮೇಲೆಯೇ ಇತ್ತು.

ಓರಗಿತ್ತಿ ಓದಿದಳು. ತಂಗಿ ಒಂದು ದಿನ ಅಣ್ಣನ ಹಳೆಯ ಅಂಗಿ ತೆಗೆದು ಗುಂಡಿ ಮುಟ್ಟಿ ನೋಡುತ್ತಾಳೆ. ಇಪ್ಪತ್ತು ವರ್ಷದಿಂದ ಅವನ ಗುಂಡಿಗಳನ್ನೆಲ್ಲ ಹೊಲಿಯುತ್ತಿರುವವಳು ತಾನೇ. ಬೆರಳಿಗೆ ಸಿಕ್ಕ ಗಂಟು ತನ್ನದಲ್ಲ. ಇನ್ನೊಂದು ಅಂಗಿ ತೆಗೆಯುತ್ತಾಳೆ, ಅದೂ ತನ್ನದಲ್ಲ. ಅವಳಿಗೆ ಕಣ್ಣು ಹೋಗುತ್ತಾ ಬಂದಿದೆ, ಅದನ್ನು ಅವಳು ಯಾರಿಗೂ ಹೇಳಿಲ್ಲ. ಅವಳು ಸಡಿಲವಾಗಿ ಹೊಲಿದಿಟ್ಟದ್ದನ್ನು ಅಣ್ಣ ಬೆಳಗಿನ ಜಾವ ಎದ್ದು, ಸದ್ದಿಲ್ಲದೆ, ಗಂಡಸಿನ ಒರಟು ಕೈಯಲ್ಲಿ ಮತ್ತೆ ಹೊಲಿಯುತ್ತಾ ಬಂದಿದ್ದಾನೆ. ಬಣ್ಣ ತಂದು ತೋರಿಸಿ, ಇದು ಹಸಿರೋ ನೀಲಿಯೋ ಎಂದು ಅವಳನ್ನು ಕೇಳಬೇಕಾಗಿ ಬರಬಾರದೆಂದೇ ಅವನು ಕಿಟಕಿಯ ಬಣ್ಣವನ್ನು ಮುಂದಕ್ಕೆ ಹಾಕುತ್ತಿದ್ದಾನೆ. ಅದೂ ಅವಳಿಗೆ ಆಗಲೇ ತಿಳಿಯುತ್ತದೆ. ಅವಳು ಅಂಗಿ ಮಡಚಿ ಇಡುತ್ತಾಳೆ. ಮರುದಿನ ಎಂದಿನಂತೆ ಗುಂಡಿ ಹೊಲಿಯಲು ಕೂರುತ್ತಾಳೆ.

ಓದು ನಿಂತಿತು. ಕೆಳಗಿನ ಯಂತ್ರಗಳ ಸದ್ದು ಮೇಲಕ್ಕೆ ಬಂತು.

ಹತ್ತು ತಲೆಗಳೂ ಬಗ್ಗಿದ್ದವು, ಹತ್ತು ಸೂಜಿಗಳೂ ನಡೆಯುತ್ತಿದ್ದವು. ಯಾರೂ ಮೂಗೆಳೆಯಲಿಲ್ಲ. ಮೂಗೆಳೆದರೆ ಕುರ್ಚಿ ಹೋಗುತ್ತದೆಂದು ಗುಂಡಿಯ ಹುಡುಗಿಗೂ ಗೊತ್ತಿತ್ತು. ಅವಳು ತುಟಿ ಕಚ್ಚಿಕೊಂಡು, ಕಟ್ಟಿದ ಗುಂಡಿಗೇ ಮತ್ತೆ ಮತ್ತೆ ದಾರ ಸುತ್ತುತ್ತಿದ್ದಳು. ಬರೆದಾಕೆ ಕಾಜದಕ್ಕನ ಕಡೆ ನೋಡಿದಳು. ಧಣಿ ನೋಡಿದ. ಮೂಲೆಯಿಂದ ಟೇಪಣ್ಣನೂ ನೋಡಿದ.

ಕಾಜದಕ್ಕನ ಕೈ ನಿಲ್ಲಲಿಲ್ಲ. “ಪರವಾಗಿಲ್ಲ,” ಎಂದಳು.

ಧಣಿ ಹೆಮ್ಮೆಯಿಂದ ಆ ಕೈಯನ್ನು ತೋರಿಸಿದ. ಬರೆದಾಕೆ ಎದ್ದು, ಎಲ್ಲರಿಗೂ ಕೈಮುಗಿದು, ಮೆಟ್ಟಿಲಿಳಿದಳು. ಮೆಟ್ಟಿಲಿನ ಮೇಲೂ ಒಂದು ಪುಸ್ತಕ ಬರೆದಿದ್ದಾಳಲ್ಲ, ಬೀಳುವುದಿಲ್ಲ ಬಿಡು ಎಂದು ಯಾರೋ ಅಂದರು. ಆಗ ಎಲ್ಲರೂ ನಕ್ಕರು, ನಗುವುದಕ್ಕೇ ಕಾದಿದ್ದವರ ಹಾಗೆ, ಕಣ್ಣೊರೆಸಿಕೊಳ್ಳುವಷ್ಟು.

ನಾಲ್ಕು ಗಂಟೆಗೆ ಕಾಜದಕ್ಕ, ಓದಾದ ಮೇಲೆ ಮೂಲೆಯ ಮೇಜಿನಿಂದ ತಂದು ಮುಗಿಸಿದ ಕೋಟನ್ನು ಬೆಳಕಿಗೆ ಹಿಡಿದಳು. ನಾಲ್ಕು ಕಾಜ. ಒಂದೊಂದೂ ಮುತ್ತು ಪೋಣಿಸಿದ ಹಾಗಿತ್ತು. ಅವಳಿಗೇ ಅನ್ನಿಸಿತು, ಇಷ್ಟು ಚೆನ್ನಾಗಿ ತಾನು ಯಾವತ್ತೂ ಹೊಲಿದಿಲ್ಲ ಎಂದು. ಆಮೇಲೆ ಕೋಟನ್ನು ಎದೆಗಿಟ್ಟು ಎಡಬಲ ನೋಡಿದಳು. ಗಂಡಸರ ಕೋಟಿಗೆ ಕಾಜ ಎಡಗಡೆಗೆ, ಗುಂಡಿ ಬಲಗಡೆಗೆ. ಹೆಂಗಸರ ಕೋಟಿಗೆ ತಿರುಗುಮುರುಗು. ಆ ಕಾರ್ಖಾನೆಯಲ್ಲಿ ಹೆಂಗಸರ ಕೋಟು ಹೊಲಿದದ್ದೇ ಇಲ್ಲ. ಅವಳ ಮಡಿಲಲ್ಲಿದ್ದ ಕೋಟಿನ ನಾಲ್ಕೂ ಕಾಜಗಳು ಬಲಗಡೆಗಿದ್ದವು. ಮೂವತ್ತೊಂಬತ್ತು ವರ್ಷದ ಕೈ ಗುರುತು ಕಂಡಲ್ಲಿ ಉಳಿಯಿಟ್ಟು ಸೀಳಿಬಿಟ್ಟಿತ್ತು, ಕಣ್ಣು ಎಲ್ಲಿತ್ತೋ.

ಮೂಲೆಯ ಮೇಜಿಗೆ ಹೋಗಿ ನೋಡಿದಳು. ಟೇಪಣ್ಣ ಓದಿನ ಹೊತ್ತಿನಲ್ಲಿ ಗುರುತು ಹಾಕಿದ್ದ ಕೋಟುಗಳು, ಅವಳ ಕೈಯಲ್ಲಿದ್ದದ್ದೂ ಸೇರಿ, ಹನ್ನೆರಡು. ಹನ್ನೆರಡಕ್ಕೂ ಬಲಗಡೆಯೇ ಸುಣ್ಣದ ಗೆರೆ.

ಅವಳು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವನ ಕೋಣೆಗೆ ಹೋದಳು.

“ಸಾರ್, ನಾವು ಹೆಂಗಸರ ಕೋಟು ಯಾವಾಗಿಂದ ಶುರುಮಾಡಿದ್ವಿ?”

ಟೇಪಣ್ಣ ಕೋಟನ್ನು ನೋಡಿದ. ತಿರುಗಿಸಿ ನೋಡಿದ. ಟೇಪು ತೆಗೆದ, ಅಳೆಯಲು ಏನೂ ಇಲ್ಲದೆ ಮತ್ತೆ ಕೊರಳಿಗೆ ಹಾಕಿಕೊಂಡ.

“ನೀವು ನೋಡ್ದೇನೇ ಸೀಳಿದ್ರಾ?”

“ನೀವು ನೋಡ್ದೇನೇ ಗುರುತು ಹಾಕಿದ್ರಲ್ಲ.”

“ಧಣಿ ಇದ್ರು. ಗಡಿಬಿಡೀಲಿ…”

“ಹೌದು ಸಾರ್, ಧಣಿ ಇದ್ರು,” ಎಂದು ಕಾಜದಕ್ಕ ನೆಲ ನೋಡಿದಳು.

ಇಬ್ಬರೂ ತಪ್ಪನ್ನು ಧಣಿಯ ಮೇಲೆ ಹಾಕಿಯೇ ನಿಂತಿದ್ದರು. ಆಮೇಲೆ ಅವನು ಕೆಟ್ಟ ಕೋಟುಗಳ ಪುಸ್ತಕ ತೆರೆದ, ತಾರೀಕು ಬರೆದ, ಕಾರಣ ಎಂಬ ಮನೆಯ ಹತ್ತಿರ ಬಂದು ಪೆನ್ನು ನಿಂತಿತು. ಆ ಮನೆಯಲ್ಲಿ ಏನು ಬರೆದರೂ ಅದು ಇಬ್ಬರನ್ನೂ ಸುತ್ತಿಕೊಳ್ಳುತ್ತಿತ್ತು. ಬರೆದ ತಾರೀಕನ್ನೂ ಹೊಡೆದುಹಾಕಿದ. ಕಾಜದಕ್ಕ ಅವಸರ ಮಾಡಲಿಲ್ಲ. ಹನ್ನೊಂದು ಕೋಟಿನ ಸುಣ್ಣವನ್ನು ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ ಎಂದಳು. ಓದುವ ಕುರ್ಚಿ ಇದ್ದಲ್ಲೇ ಇರಲಿ ಎಂದಳು. ಯಾವ ಪುಸ್ತಕ ಎಂಬುದನ್ನು ಮೇಜಿಗೆ ಬಿಡಿ, ಧಣಿಗೆ ನೀವೇ ಹೇಳಿಕೊಳ್ಳಿ, ಕೊಲೆ ಇದ್ದರೆ ಅದನ್ನು ಶನಿವಾರ ಓದುತ್ತೇವೆ, ಅವತ್ತು ಬರೀ ದಾರ ಕತ್ತರಿಸುವ ಕೆಲಸ, ಕೈ ನಡುಗಿದರೂ ನಷ್ಟವಿಲ್ಲ ಎಂದಳು. ಯಾವ ಪುಟ ಯಾವ ದಿನಕ್ಕೆ ಎಂದು ಮೊದಲೇ ನೋಡಿ ವಿಂಗಡಿಸುವವಳು ನಮ್ಮಲ್ಲಿ ಇದ್ದಾಳೆ ಎಂದೂ ಸೇರಿಸಿದಳು. ಟೇಪಣ್ಣ ಎಲ್ಲಕ್ಕೂ ಹೂಂ ಎಂದ. ಕೊನೆಗೆ ಅವನು ಕೇಳಿದ್ದು ಒಂದೇ: ಆ ತಂಗಿಗೆ ಪೂರ್ತಿ ಕಣ್ಣು ಹೋಗುತ್ತದಾ? ಪುಸ್ತಕದಲ್ಲಿ ಅದಿಲ್ಲ ಸಾರ್, ಎಂದಳು ಕಾಜದಕ್ಕ.

ಉಳಿದದ್ದು ಆ ಒಂದು ಕೋಟು. ಅದಕ್ಕೂ ಟೇಪಣ್ಣನೇ ದಾರಿ ಹುಡುಕಿದ. ಕಾಜ ಬಲಗಡೆ ಇದ್ದ ಮೇಲೆ ಅದು ಹೆಂಗಸರ ಕೋಟೇ. ಎಡಗಡೆ ಗುಂಡಿ ಹಚ್ಚಿಸಿ, ಇಸ್ತ್ರಿ ಮಾಡಿಸಿ, ಬಂದುಹೋದ ಅತಿಥಿಗೆ ಕಾರ್ಖಾನೆಯ ಉಡುಗೊರೆ ಎಂದು ಧಣಿಯ ಮುಂದಿಟ್ಟ. ಹೇಳದೆ ಇಷ್ಟು ಮುಂದಾಲೋಚನೆ ಮಾಡಿದ್ದಕ್ಕೆ ಧಣಿ ಅವನ ಬೆನ್ನು ತಟ್ಟಿದ.

ಆ ನಾಲ್ಕು ಕಾಜಗಳು ಹೋಗುವಾಗ ಕಾಜದಕ್ಕ ಅವುಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಹೊಲಿದವರ ಹೆಸರನ್ನು ಕೋಟಿನ ಮೇಲೆ ಯಾರೂ ಬರೆಯುವುದಿಲ್ಲ. ಆದರೂ ಬರೆಯುವ ಹೆಂಗಸು, ಸೂಜಿ ದಾರದ ವಿಷಯ ಅಷ್ಟು ಬಲ್ಲವಳು, ಕಂಡರೆ ಗುರುತಿಸದೆ ಇರುತ್ತಾಳೆಯೇ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿದ್ದಳು. ಯಾರಿಗೂ ಹೇಳಲಿಲ್ಲ. ದಿನ ಎಣಿಸಿದಳು.

ಹದಿನೈದು ದಿನಕ್ಕೆ ಮೇಜಿನ ಹೆಸರಿಗೆ ಕಾಗದ ಬಂತು. ಅಷ್ಟು ಹೊತ್ತಿಗೆ ಕುರ್ಚಿಯ ಮೇಲೆ ಹೊಸ ಪುಸ್ತಕ ನಡೆದಿತ್ತು. ವಾರವೆಲ್ಲ ಒಂದು ಸಂಸಾರದ ಕಥೆ, ಅದರೊಳಗಿನ ಒಂದೇ ಒಂದು ಕೊಲೆ ಶನಿವಾರಕ್ಕೆ. ಓರಗಿತ್ತಿ ಪುಸ್ತಕ ಮಗುಚಿಟ್ಟು ಕಾಗದ ಓದಿದಳು. ‘ಪ್ರೀತಿಯ ಸೋದರಿಯರಿಗೆ, ಕೋಟು ತಲುಪಿತು. ಬೆಚ್ಚಗಿದೆ. ಭುಜ ಕೊಂಚ ಅಗಲವಾಯಿತು, ಆದರೆ ಮನೆಯೊಳಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ನಿಮ್ಮೊಂದಿಗೆ ಕಳೆದ ಹೊತ್ತಿಗೆ ಕೃತಜ್ಞಳು.’

ಕಾಜದಕ್ಕ ಕಾದಳು. “ಮುಂದೆ?”

“ಅಷ್ಟೇ ಅಕ್ಕ.”

“ಏನಾದ್ರೂ ಬಿಟ್ಟು ಓದಿದ್ಯಾ?”

“ಇಲ್ಲ ಅಕ್ಕ, ಬೇಕಾದ್ರೆ ಬೇರೆಯವರ ಹತ್ರ ಓದ್ಸಿ. ಇಷ್ಟೇ ಇರೋದು.”

ಕಾಜದಕ್ಕ ಕೈಯಲ್ಲಿದ್ದ ಕೋಟಿಗೆ ಸಂಜೆಯ ತನಕ ಕಾಜ ಹೊಲಿದಳು. ಸಂಜೆ ದಾರಿಯಲ್ಲಿ ಕಟ್ಟೆಯೊಡೆಯಿತು. ಭುಜವಂತೆ ಭುಜ. ಭುಜ ಹೊಲಿದದ್ದು ಕೆಳಗಿನ ಯಂತ್ರ. ಅದರ ವಿಷಯ ಬರೆಯಲು ಶಾಯಿ ಇದೆ, ಕಾಜದ ವಿಷಯ ಅರ್ಧ ಸಾಲಿಲ್ಲ. ಮನೆಯೊಳಗೆ ಹಾಕಿಕೊಳ್ಳಲು ಅಡ್ಡಿಯಿಲ್ಲವಂತೆ! ಅಂಥ ಕಾಜವನ್ನು ಹೊಲಿಯಲು ಎಷ್ಟು ಹೊತ್ತು ಬೇಕು, ಎಷ್ಟು ಉಸಿರು ಹಿಡಿಯಬೇಕು, ಕೂತು ಒಂದು ಕ್ಷಣ ಬೆರಳಾಡಿಸಿ ನೋಡಿದ್ದರೆ ತಿಳಿಯುತ್ತಿರಲಿಲ್ಲವೇ. ಈ ಬರೆಯುವವರಿಗೆ ಹೃದಯವೇ ಇಲ್ಲ. ಓರಗಿತ್ತಿ ಪಕ್ಕದಲ್ಲಿ ನಡೆಯುತ್ತಾ ಎಲ್ಲ ಕೇಳಿಸಿಕೊಂಡಳು. ಮದುವೆಯಾಗಿ ಬಂದ ಮೇಲೆ ಅಕ್ಕ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅವಳು ಕೇಳಿರಲಿಲ್ಲ.

“ಅಕ್ಕ, ಆರುನೂರು ಪುಟಕ್ಕೆ ನೀವೇನಂದ್ರಿ ನೆನಪಿದ್ಯಾ?” ಎಂದಳು ಕೊನೆಗೆ.

“ಅದು ಬೇರೆ,” ಎಂದಳು ಕಾಜದಕ್ಕ. “ಅದು ಓದೋದು. ಇದು ಕೆಲಸ.”

ಮನೆ ಬಂತು. ನಲ್ಲಿಯಲ್ಲಿ ನೀರು ಆಗಲೇ ಬಂದಿತ್ತು. ಓರಗಿತ್ತಿಯ ಬೆರಳುಗಳು ಮಡಚದೆ ಇರುವುದರಿಂದ ತುಂಬಿದ ಬಿಂದಿಗೆಯ ಕೊರಳು ಅವಳ ಕೈಗೆ ನಿಲ್ಲುವುದಿಲ್ಲ. ಅವಳು ಬಿಂದಿಗೆಗಳನ್ನು ಒಂದೊಂದಾಗಿ ನಲ್ಲಿಗೆ ಒಡ್ಡಿದಳು. ಕಾಜದಕ್ಕ ಸೆರಗು ಸಿಕ್ಕಿಸಿಕೊಂಡು, ಭುಜದ ಮೇಲಿನ ಸಿಟ್ಟು ಇನ್ನೂ ಇಳಿಯದೆ ಗೊಣಗುತ್ತಲೇ, ತುಂಬಿದ್ದನ್ನು ಎತ್ತಿ ಮೊದಲು ಅವಳ ಒಲೆಯ ಪಕ್ಕಕ್ಕೆ ಎರಡು, ಆಮೇಲೆ ತನ್ನ ಒಲೆಯ ಪಕ್ಕಕ್ಕೆ ಎರಡು ಇಟ್ಟು, ಚೆಲ್ಲಿದ ನೀರನ್ನು ಬಟ್ಟೆಯಿಂದ ಒರೆಸಿದಳು.